ಗ್ಯಾಸ್ ತುಂಬೋ ಮೊದಲು ಲೀಕ್ ಹುಡುಕುವ ಎಸಿ ಅಂಗಡಿ, ತುಮಕೂರು

ಬಿ.ಎಚ್. ರಸ್ತೆ ಪಕ್ಕದ ಅಡ್ಡರಸ್ತೆಯಲ್ಲಿರುವ ಈ ಸಣ್ಣ ಎಸಿ ರಿಪೇರಿ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್. ಕೆಲಸದಲ್ಲಿ ಒಂದು ಮಾತು ಆಡೋ ಹಾಗಿಲ್ಲ. ಒಂದು ಸ್ಟಾರ್ ಕಳೆದಿದ್ದು ಹೇಳಿದ ಹೊತ್ತಿಗೆ ಬರದಿದ್ದಕ್ಕೆ.

ನಮ್ಮನೆ ಎಸಿ ಪ್ರತಿ ಬೇಸಿಗೆಯಲ್ಲೂ ಕೈಕೊಡುತ್ತಿತ್ತು. ಮೊದಲು ಬರುತ್ತಿದ್ದವರು "ಗ್ಯಾಸ್ ಖಾಲಿ ಆಗಿದೆ ಸಾರ್" ಅಂತ ಸುಮ್ನೆ ತುಂಬಿಸಿ, ದುಡ್ಡು ತಗೊಂಡು ಹೋಗುತ್ತಿದ್ದರು. ಆದರೆ ಎಸಿ ಗ್ಯಾಸ್ ಉರಿದು ಖರ್ಚಾಗುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆ ಆಯ್ತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಈ ಅಂಗಡಿಯ ಮೆಕ್ಯಾನಿಕ್ ಮೊದಲು ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ, ಮೆಷಿನ್ ಹಾಕಿ ಬೇರೆ ಸಿಲಿಂಡರಿಗೆ ಎಳೆದುಕೊಂಡರು. ಆಮೇಲೆ ಪೈಪಿಗೆ ನೈಟ್ರೋಜನ್ ತುಂಬಿ, ಜಾಯಿಂಟ್ ಇರುವ ಕಡೆಯೆಲ್ಲ ಸೋಪಿನ ನೀರು ಹಚ್ಚಿದರು. ಔಟ್‌ಡೋರ್ ಯೂನಿಟ್ಟಿನ ಒಂದು ನಟ್ಟಿನ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು, ನನ್ನನ್ನೂ ಕರೆದು ತೋರಿಸಿದರು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ (ನಟ್ಟಿಗೆ ಬಿಗಿಯಾಗಿ ಕೂರುವಂತೆ ಬಾಯಿ ಅಗಲಿಸಿ), ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಯೂನಿಟ್ ಮೇಲಿನ ಪ್ಲೇಟಿನಲ್ಲಿ ಬರೆದಷ್ಟೇ ಗ್ಯಾಸನ್ನು ತೂಕ ಹಾಕಿ ತುಂಬಿದರು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯೋಕೆ ಕಾರಣ ಇದೆ. ನಮ್ಮ ಎಸಿಯಲ್ಲಿರೋದು ಆರ್-410ಎ. ಈ ಗ್ಯಾಸ್ ಒಂದು ಕೆ.ಜಿ. ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಅದು ಹಿಡಿದಿಡುವ ಬಿಸಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 2,088 ಪಟ್ಟು. ಅಂದರೆ ಹತ್ತಿರ ಹತ್ತಿರ 900 ಲೀಟರ್ ಪೆಟ್ರೋಲ್ ಉರಿಸಿದಷ್ಟು! ಓಜೋನ್ ಪದರಕ್ಕೆ ಇದರಿಂದ ಹಾನಿ ಇಲ್ಲ ಅನ್ನೋದು ನಿಜ, ಭೂಮಿ ಬಿಸಿಯಾಗೋದಕ್ಕೆ ಮಾತ್ರ ದೊಡ್ಡ ಪಾಲು ಕೊಡುತ್ತದೆ. ಈಗಿನ ಎಸಿಗಳಲ್ಲಿ ಬರುವ ಆರ್-32 ಸುಮಾರು 675 ಪಟ್ಟು, ಕಡಿಮೆಯೇ, ಆದರೂ ಗಾಳಿಗೆ ಬಿಡುವಂಥದ್ದಲ್ಲ. ಇಂಥ ಗ್ಯಾಸುಗಳ ಬಳಕೆ ಇಳಿಸಬೇಕು ಅಂತ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದ ಆಯ್ತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು, ನಮ್ಮಲ್ಲಿ ಕಡಿತ ಶುರುವಾಗೋದು 2032ರಿಂದ. ಅಲ್ಲಿಯವರೆಗೆ ಮನೆಮನೆಯಲ್ಲಿ ಸೋರೋದನ್ನು ತಡೆಯೋರು ಇಂಥ ಮೆಕ್ಯಾನಿಕ್‌ಗಳೇ ಅಲ್ವಾ?

ಗ್ಯಾಸ್ ಕಡಿಮೆಯಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಆ ಕರೆಂಟಿನಲ್ಲಿ ಒಂದು ಪಾಲು ರಾಯಚೂರು, ಬಳ್ಳಾರಿ ಕಡೆ ಕಲ್ಲಿದ್ದಲು ಸುಟ್ಟು ಬರೋದು. 2024ರಲ್ಲಿ ಜಗತ್ತಿನ ಸರಾಸರಿ ಬಿಸಿ ಕೈಗಾರಿಕೆ ಬೆಳೆಯೋಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಇತ್ತು. ಸೆಖೆ ಏರಿದಷ್ಟೂ ಎಸಿ ಜಾಸ್ತಿ, ಎಸಿ ಸೋರಿದಷ್ಟೂ ಸೆಖೆ ಜಾಸ್ತಿ. ನಮ್ಮ ಬೀದಿಯಲ್ಲೇ ಎಷ್ಟು ಔಟ್‌ಡೋರ್ ಯೂನಿಟ್ ನೇತಾಡುತ್ತಿವೆ ನೋಡಿದರೆ ಭಯವಾಗುತ್ತದೆ.

ಕೊರತೆಗಳೂ ಇವೆ. ಬೆಳಗ್ಗೆ ಬರ್ತೀನಿ ಅಂದವರು ಬಂದಿದ್ದು ಸಂಜೆ. ಬಿಲ್ಲಿನಲ್ಲಿ ಗ್ಯಾಸಿನ ತೂಕ ಬರೆದಿರಲಿಲ್ಲ, ಕೇಳಿದ ಮೇಲೆ ಬರೆದುಕೊಟ್ಟರು, ನೀವೂ ಕೇಳಿ. ಬರೀ ಗ್ಯಾಸ್ ತುಂಬಿಸೋದಕ್ಕಿಂತ ದುಡ್ಡು ಜಾಸ್ತಿ ಆಗುತ್ತದೆ, ಆದರೆ ವರ್ಷಾವರ್ಷ ತುಂಬಿಸೋ ಖರ್ಚಿನ ಮುಂದೆ ಅದೇನೂ ಅಲ್ಲ.

ಏಪ್ರಿಲ್‌ನಲ್ಲಿ ಇವರು ಫೋನಿಗೆ ಸಿಗೋದೇ ಕಷ್ಟ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವ ಮೊದಲೇ ಕರೆಸಿಕೊಳ್ಳಿ.