ಈವ್ ಆನ್‌ಲೈನ್: ಹಡಗು ಒಡೆದರೆ ಮಾತ್ರ ಅಂಗಡಿ ನಡೆಯುವ ಲೋಕ

ಈವ್ ಆನ್‌ಲೈನ್‌ಗೆ ಬಾಹ್ಯಾಕಾಶ ಯುದ್ಧದ ಆಟ ಎಂಬ ಪ್ರಚಾರವಿದೆ. ಹಲವು ವರ್ಷ ಆಡಿದ ಮೇಲೆ ನಾನು ಇದನ್ನು ವ್ಯಾಪಾರದ ಆಟವೆಂದೇ ಶಿಫಾರಸು ಮಾಡುತ್ತೇನೆ. ಗುಂಡು ಹಾರಿಸುವ ಖುಷಿಗೆಂದು ಬರುವವರಿಗೆ ಇದಕ್ಕಿಂತ ಚುರುಕಾದ ಆಟಗಳು ಬೇಕಾದಷ್ಟಿವೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ ತೆರೆದ ಈ ಲೋಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿವೆ. ಚೀನಾಕ್ಕೆ ಮೀಸಲಾದ ಸರ್ವರ್ ಬಿಟ್ಟರೆ ಉಳಿದ ಜಗತ್ತಿನ ಆಟಗಾರರೆಲ್ಲ ಲಂಡನ್ನಿನ ಒಂದೇ ಸರ್ವರ್‌ನಲ್ಲಿ ಸೇರುತ್ತಾರೆ. ಆದ್ದರಿಂದ ಇಲ್ಲಿ ಹೆಸರು ಕೆಡಿಸಿಕೊಂಡವನಿಗೆ ಬೇರೆ ಸರ್ವರ್‌ಗೆ ಓಡಿಹೋಗುವ ದಾರಿಯಿಲ್ಲ.

ಹಡಗು, ತೋಪು, ಮದ್ದುಗುಂಡು ಹೀಗೆ ಬಹುಪಾಲು ಸಾಮಗ್ರಿಯನ್ನು ಆಟಗಾರರೇ ಅದಿರು ಅಗೆದು, ಕರಗಿಸಿ, ನೀಲನಕ್ಷೆ ಕೊಂಡು ತಯಾರಿಸುತ್ತಾರೆ. ಹಡಗು ಒಡೆದರೆ ಅದು ಹೋದಂತೆಯೇ. ವಿಮೆ ಮಾಡಿಸಿದ್ದರೆ ಹಡಗಿನ ಒಡಲಿಗೆ ಒಂದಿಷ್ಟು ಹಣ ಬರುತ್ತದೆ, ಒಳಗೆ ಅಳವಡಿಸಿದ ಉಪಕರಣಗಳಿಗೆ ಕಾಸೂ ಬರುವುದಿಲ್ಲ. ಅವುಗಳಲ್ಲಿ ಅರ್ಧದಷ್ಟು ಬೂದಿಯಾಗುತ್ತವೆ, ಉಳಿದವು ಒಡೆದವನ ಪಾಲು. ಹೊಸಬರಿಗೆ ಇದು ಕ್ರೌರ್ಯವಾಗಿ ಕಾಣುತ್ತದೆ. ಆದರೆ ಬೇರೆ ಪಾತ್ರಾಭಿನಯದ ಆಟಗಳನ್ನು ನೋಡಿ: ಒಮ್ಮೆ ಗಳಿಸಿದ ಕತ್ತಿ ಎಂದೂ ಸವೆಯದು, ಎಲ್ಲರ ಪೆಟ್ಟಿಗೆಯೂ ತುಂಬುತ್ತದೆ, ಆಮೇಲೆ ಕಮ್ಮಾರನನ್ನು ಕೇಳುವವರಿಲ್ಲ. ಇಲ್ಲಿ ಕಮ್ಮಾರ ಎರಡು ದಶಕಗಳಿಂದ ಕೆಲಸದಲ್ಲಿದ್ದಾನೆ. ದೂರದ ಯಾವುದೋ ಗಡಿಯಲ್ಲಿ ಎರಡು ಒಕ್ಕೂಟಗಳು ಜಗಳ ತೆಗೆದರೆ, ಆ ಜಗಳಕ್ಕೆ ಸಂಬಂಧವೇ ಇಲ್ಲದ ನನ್ನ ಮದ್ದುಗುಂಡಿನ ದಾಸ್ತಾನು ಖಾಲಿಯಾಗುತ್ತದೆ.

ಆ ದಾಸ್ತಾನು ಇರುವುದು ಜಿತಾದಲ್ಲಿ. ಈ ಮಂಡಲದ ನಾಲ್ಕನೇ ಗ್ರಹದ ನಾಲ್ಕನೇ ಚಂದ್ರನ ಬಳಿಯ ನಿಲ್ದಾಣವೇ ಇಡೀ ಲೋಕದ ಸಂತೆ. ಇದನ್ನು ಸಂತೆಯಾಗಿಸಿದವರು ಆಟಗಾರರು. ಆರಂಭದ ದಿನಗಳಲ್ಲಿ ವ್ಯಾಪಾರ ನಡೆಯುತ್ತಿದ್ದುದು ಯುಲಾಯ್ ಎಂಬ ಇನ್ನೊಂದು ಮಂಡಲದಲ್ಲಿ. ಅದಕ್ಕೆ ಸೇರುತ್ತಿದ್ದ ಹೆದ್ದಾರಿಗಳನ್ನು ಕಂಪನಿ ತೆಗೆದುಹಾಕಿದಾಗ ವರ್ತಕರು ಗಂಟುಮೂಟೆ ಕಟ್ಟಿ ಹೊರಟರು. 2020ರಲ್ಲಿ ಅಂಥದ್ದೇ ಇನ್ನೊಂದು ಪೆಟ್ಟು ಬಿತ್ತು. ಜಿತಾಕ್ಕೂ ಎರಡನೇ ದೊಡ್ಡ ಸಂತೆಯಾದ ಅಮಾರ್‌ಗೂ ನಡುವಿನ ನಿಯಾರ್ಜಾ ಮಂಡಲ ಟ್ರಿಗ್ಲೇವಿಯನ್ನರು ಎಂಬ, ಕಂಪ್ಯೂಟರ್ ನಡೆಸುವ ಶತ್ರುಪಡೆಯ ದಾಳಿಯಲ್ಲಿ ಕೈತಪ್ಪಿತು. ಹತ್ತು ಜಿಗಿತದೊಳಗೆ (ಒಂದು ಮಂಡಲದಿಂದ ಪಕ್ಕದ ಮಂಡಲಕ್ಕೆ ಹೋಗುವುದು ಒಂದು ಜಿಗಿತ) ಮುಗಿಯುತ್ತಿದ್ದ ಸುರಕ್ಷಿತ ದಾರಿ ಒಮ್ಮೆಲೇ ನಲವತ್ತು ದಾಟಿತು. ಎರಡು ಊರುಗಳ ಬೆಲೆಗಳು ಬೇರೆಬೇರೆಯಾದವು, ಸಾಗಣೆಯ ಬಾಡಿಗೆ ಏರಿತು. ದೂರವನ್ನೇ ಬಂಡವಾಳ ಮಾಡಿಕೊಂಡ ನನ್ನಂಥ ಚಿಲ್ಲರೆ ವರ್ತಕರಿಗೆ ಅದು ಸುಗ್ಗಿ. ನೂರಾರು ಗಂಟೆ ಆಡಿದ ಬೇರೆ ಯಾವ ಆಟದಲ್ಲೂ ಒಂದು ರಸ್ತೆ ಮುಚ್ಚಿದ್ದಕ್ಕೆ ನಾನು ಲೆಕ್ಕದ ಪುಸ್ತಕ ತೆರೆದದ್ದಿಲ್ಲ.

ಅದೇ ವರ್ಷ ಬಂದ ಇನ್ನೊಂದು ಬದಲಾವಣೆಯನ್ನು ಹೆಚ್ಚಿನವರು ಮರೆತಿದ್ದಾರೆ. ಮೊದಲೆಲ್ಲ ಎದುರಾಳಿಯ ಬೆಲೆಗಿಂತ ಒಂದು ಪೈಸೆ ಕಡಿಮೆ ನಮೂದಿಸಿ ಮುಂದೆ ನಿಲ್ಲುವುದು, ಅವನು ಮತ್ತೊಂದು ಪೈಸೆ ಇಳಿಸುವುದು, ಹೀಗೆ ರಾತ್ರಿಯಿಡೀ ನಡೆಯುತ್ತಿತ್ತು. ಕಂಪನಿ ಬೆಲೆಗಳನ್ನು ನಾಲ್ಕು ಅಂಕೆಗಳಿಗೆ ಸೀಮಿತಗೊಳಿಸಿ, ಬೆಲೆ ತಿದ್ದಿದಾಗಲೆಲ್ಲ ದಲ್ಲಾಳಿ ಶುಲ್ಕ ಬೀಳುವಂತೆ ಮಾಡಿತು. ಇಳಿಸುವುದಾದರೆ ಗಟ್ಟಿಯಾಗಿ ಇಳಿಸಬೇಕು. ವ್ಯಾಪಾರಿಗಳು ಗೊಣಗಿದರು. ನನಗೆ ನಿದ್ದೆ ಸಿಕ್ಕಿತು.

ಇಷ್ಟು ಅಚ್ಚುಕಟ್ಟಾದ ಅರ್ಥವ್ಯವಸ್ಥೆ ತಾನಾಗಿ ಆದದ್ದಲ್ಲ. 2007ರಲ್ಲೇ ಸಿಸಿಪಿ ಎಯೋಲ್ಫುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತ್ತು; ಅವರು ಮುಂದೆ ಅಕುರೇರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಯಾವ ಪ್ರಾಂತ್ಯದಲ್ಲಿ ಎಷ್ಟು ತಯಾರಾಯಿತು, ಎಷ್ಟು ನಾಶವಾಯಿತು, ಎಷ್ಟು ಹಣ ಹುಟ್ಟಿತು, ಎಷ್ಟು ಸುಂಕದಲ್ಲಿ ಕರಗಿತು ಎಂಬ ಮಾಸಿಕ ವರದಿಯನ್ನು ಯಾರು ಬೇಕಾದರೂ ಓದಬಹುದು.

ಇನ್ನು ನಿಜವಾದ ದುಡ್ಡಿನ ವಿಷಯ. 2008ರಲ್ಲಿ ಬಂದ ಪ್ಲೆಕ್ಸ್ ಎಂಬ ವಸ್ತುವನ್ನು ಡಾಲರಿಗೆ ಕೊಂಡು ಆಟದೊಳಗಿನ ನಾಣ್ಯವಾದ ಇಸ್ಕ್‌ಗೆ ಮಾರಬಹುದು. ಕೊಂಡವನು ಅದರಿಂದ ಚಂದಾ ಕಟ್ಟಿಕೊಳ್ಳಬಹುದು. ಕಳ್ಳಸಂತೆಯ ನಾಣ್ಯ ಮಾರಾಟಕ್ಕೆ ಇದು ಜಾಣ ಉತ್ತರ. ಸಮಯವಿದ್ದವನಿಗೂ ಹಣವಿದ್ದವನಿಗೂ ನಡುವೆ ನೇರ ವಿನಿಮಯ, ಬೆಲೆ ಕಟ್ಟುವುದು ಸಂತೆ. 2010ರಲ್ಲಿ ಯಾರೋ ಒಬ್ಬರು 74 ಪ್ಲೆಕ್ಸ್‌ಗಳನ್ನು ಕೆಸ್ಟ್ರಲ್ ಎಂಬ ಪುಟಾಣಿ ಹಡಗಿನಲ್ಲಿ ತುಂಬಿಕೊಂಡು ಹೊರಟು ದಾರಿಯಲ್ಲೇ ಕಳೆದುಕೊಂಡರು. ಆಗ ಒಂದು ಪ್ಲೆಕ್ಸ್ ಎಂದರೆ ಒಂದು ತಿಂಗಳ ಚಂದಾ. ಆರು ವರ್ಷ ಮೀರಿದ ಆಟ ಕೆಲವೇ ಕ್ಷಣಗಳಲ್ಲಿ ಹೊಗೆ!

ನನ್ನ ತಕರಾರು ಇರುವುದು 2016ರಲ್ಲಿ ಬಂದ ಕೌಶಲ ಇಂಜೆಕ್ಟರ್‌ಗಳ ಬಗ್ಗೆ. ಈ ಆಟದಲ್ಲಿ ಕೌಶಲಗಳು ನಿಜವಾದ ಗಡಿಯಾರದ ಜೊತೆಗೆ ಬೆಳೆಯುತ್ತವೆ, ನೀವು ಮಲಗಿದ್ದರೂ. ಇಂಜೆಕ್ಟರ್ ಬಂದ ಮೇಲೆ ಒಬ್ಬನ ತಲೆಯಿಂದ ಐದು ಲಕ್ಷ ಕೌಶಲದ ಅಂಕ ತೆಗೆದು ಇನ್ನೊಬ್ಬನಿಗೆ ಮಾರಬಹುದಾಯಿತು. ಹಳಬರಿಗೆ ಚುಚ್ಚಿದಾಗ ಬಹುಪಾಲು ಅಂಕ ಸೋರಿಹೋಗುತ್ತದೆ ಎನ್ನುವುದು ನಿಜ, ಹೊಸಬರು ಬೇಗ ಮೇಲೆ ಬರುತ್ತಾರೆ ಎನ್ನುವುದೂ ನಿಜ. ಆದರೂ ದುಡ್ಡಿಗೆ ಸಿಗದಿದ್ದ ಒಂದೇ ಒಂದು ಸರಕು ಕಾಲವಾಗಿತ್ತು. ಅದೂ ಅಂಗಡಿಗೆ ಬಂತು.

ವಂಚನೆಯ ಬಗ್ಗೆ ಹೇಳದೆ ಈ ವಿಮರ್ಶೆ ಮುಗಿಯದು. ನಿಯಮದ ಪ್ರಕಾರ ಇಲ್ಲಿ ಬಹುತೇಕ ಮೋಸಕ್ಕೆ ಅನುಮತಿ ಇದೆ. ಜಿತಾದ ಹರಟೆ ಪೆಟ್ಟಿಗೆ ತೆರೆದರೆ ‘ಇಸ್ಕ್ ಕಳುಹಿಸಿ, ದುಪ್ಪಟ್ಟು ಮಾಡಿ ಕೊಡುತ್ತೇನೆ’ ಎನ್ನುವವರ ಸಾಲು. ಒಪ್ಪಂದದ ಕಾಗದದಲ್ಲಿ ಒಂದು ಸೊನ್ನೆ ಹೆಚ್ಚು ಬರೆದು ಕಾಯುವವರು ಇನ್ನೂ ಎಷ್ಟೋ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ಬಾಡಿಗೆ ಕೊಲೆಗಾರರ ತಂಡ ಸುಮಾರು ಒಂದು ವರ್ಷ ಎದುರಾಳಿ ಸಂಸ್ಥೆಯೊಳಗೆ ನಂಬಿಗಸ್ತರಾಗಿ ದುಡಿದು, ಒಂದೇ ದಿನ ಉಗ್ರಾಣ ಬಾಚಿ, ನಾಯಕಿಯ ಹಡಗನ್ನೂ ಉಡಾಯಿಸಿತು. ಇಂಥ ಲೋಕದಲ್ಲಿ ಸಾವಿರಾರು ಜನ ಒಂದೇ ಒಕ್ಕೂಟದಲ್ಲಿ ಉಳಿಯುತ್ತಾರೆ, ಸಾಮೂಹಿಕ ನಿಧಿಯಿಂದ ಒಡೆದ ಹಡಗುಗಳಿಗೆ ಪರಿಹಾರ ಪಡೆಯುತ್ತಾರೆ ಎನ್ನುವುದೇ ನನಗೆ ಇನ್ನೂ ಬೆರಗು. ಕಾನೂನು ಕಾಯದ ಕಡೆ ಕೊಟ್ಟ ಮಾತಿಗೆ ಬೆಲೆ ಹೆಚ್ಚು. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಮಂಡಲದ ಬಾಡಿಗೆ ಕಟ್ಟುವುದು ತಪ್ಪಿಹೋಗಿ ಶುರುವಾದ ಕದನ ಸುಮಾರು 21 ಗಂಟೆ ನಡೆದು, ಆಟದ ಅತಿ ದೊಡ್ಡ ಹಡಗುಗಳಾದ 75 ಟೈಟನ್‌ಗಳು ಉರುಳಿದವು. ಹೀಗೆ ಕಾದಾಡುವ ಆಟಗಾರರೇ 2012ರಲ್ಲಿ, ವೈಲ್ ರ‍್ಯಾಟ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅಮೆರಿಕದ ರಾಜತಾಂತ್ರಿಕ ಸಿಬ್ಬಂದಿ ಶಾನ್ ಸ್ಮಿತ್ ಬೆಂಗಾಜಿಯಲ್ಲಿ ಹತರಾದಾಗ, ಪಕ್ಷಭೇದ ಮರೆತು ನಿಲ್ದಾಣಗಳಿಗೆ ಅವರ ಹೆಸರಿಟ್ಟರು.

ಭಾರತದಿಂದ ಆಡುವವರಿಗೆ ಕೆಲವು ಮಾತು. ಸರ್ವರ್ ದಿನವೂ ನಮ್ಮ ಸಂಜೆ ನಾಲ್ಕೂವರೆಗೆ ನಿಂತು ಮರಳಿ ಏಳುತ್ತದೆ. ಯುರೋಪಿನ ದೊಡ್ಡ ಕದನಗಳು ನಮಗೆ ನಡುರಾತ್ರಿ, ಮರುದಿನ ಕಚೇರಿ ಇದ್ದವರು ಅದನ್ನು ಮರೆತುಬಿಡುವುದು ಒಳ್ಳೆಯದು. ವ್ಯಾಪಾರಕ್ಕೆ ಈ ತೊಂದರೆಯಿಲ್ಲ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಹಾಕಿದ ಸರಕು ರಾತ್ರಿ ಮಾರಾಟವಾಗಿರುತ್ತದೆ. ಲಂಡನ್ ದೂರವಾದರೂ ಆಟದ ಗತಿ ನಿಧಾನವಾದ್ದರಿಂದ ಅಂತರ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಬೆಲೆ. 2022ರಲ್ಲಿ ಒಮೆಗಾ ಎಂಬ ಪೂರ್ಣ ಖಾತೆಯ ತಿಂಗಳ ಚಂದಾ 15 ಡಾಲರಿನಿಂದ 20ಕ್ಕೆ ಏರಿತು. ನಮ್ಮ ರೂಪಾಯಿ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ, ಹವ್ಯಾಸಕ್ಕೆ ಅಷ್ಟು ಕೊಡಿ ಎಂದು ನಾನು ಯಾರಿಗೂ ಹೇಳಲಾರೆ. ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಸ್ವಲ್ಪ ಇಳಿಯುತ್ತದೆ.

ಹಾಗಾಗಿ ಉಚಿತವಾದ ಆಲ್ಫಾ ಖಾತೆಯಿಂದಲೇ ಆರಂಭಿಸಿ. ಕೌಶಲ ಒಂದು ಮಿತಿಗೆ ಬಂದು ನಿಲ್ಲುತ್ತದೆ, ದೊಡ್ಡ ಹಡಗುಗಳು ಸಿಗುವುದಿಲ್ಲ, ಆದರೆ ಇದು ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ಅಷ್ಟು ಸಾಕು. ಹೊಸಬರಿಗೆ ಪಾಠ ಹೇಳುವ ಈವ್ ಯೂನಿವರ್ಸಿಟಿ ಎಂಬ ಆಟಗಾರರ ಸಂಸ್ಥೆ 2004ರಿಂದ ಇದೆ, ಅಲ್ಲಿಗೆ ಸೇರಿ. ಇಂಜೆಕ್ಟರ್ ಕೊಳ್ಳಬೇಡಿ. ಪ್ಲೆಕ್ಸ್ ಕೊಂಡರೆ ಖಾತೆಯ ತಿಜೋರಿಯಲ್ಲೇ ಬಿಡಿ, ಹಡಗಿಗೆ ಏರಿಸಬೇಡಿ. ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಚಂದಾಕ್ಕಾಗಿ ಕಳೆದಿದ್ದೇನೆ.