ಆಳವಾದ ಬಾಗಿನ ರಿಕರ್ವ್ ಲಿಂಬ್‌ಗಳು: ದೀರ್ಘಕಾಲದ ಬಳಕೆಯ ನಂತರ

ಒಂದೇ ಐಎಲ್‌ಎಫ್ ರೈಸರ್‌ಗೆ (ಬೇರೆ ಬೇರೆ ಕಂಪನಿಗಳ ಲಿಂಬ್‌ ಹಿಡಿಸುವ ಬಿಲ್ಲಿನ ನಡುವಿನ ಹಿಡಿಕೆಗೆ) ಎರಡು ಬಗೆಯ ಲಿಂಬ್‌ಗಳನ್ನು, ಅಂದರೆ ಬಿಲ್ಲಿನ ಬಾಗುವ ತೋಳುಗಳನ್ನು, ಸರದಿಯಂತೆ ಜೋಡಿಸಿ, 70 ಮೀಟರ್ ದೂರದ ಗುರಿಗೆ ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದೇನೆ. ಎರಡೂ ಜೋಡಿ 38 ಪೌಂಡಿನವು (ಹೆದೆ ಸೆಳೆದು ಹಿಡಿಯಲು ಬೇಕಾದ ಭಾರ), ಬಿಲ್ಲಿನ ಉದ್ದ 70 ಇಂಚು. ಮೊದಲನೆಯದು ಸಾಮಾನ್ಯ ಆಕಾರದ್ದು. ಎರಡನೆಯದು ತುದಿ ಗುರಿಯ ಕಡೆಗೆ ಬಹಳ ಆಳವಾಗಿ ಬಾಗಿರುವ ಸೂಪರ್ ರಿಕರ್ವ್. ಎಸ್ಟೋನಿಯಾದ ಉಖಾ, ಬ್ರಿಟನ್ನಿನ ಬಾರ್ಡರ್ ಕಂಪನಿಗಳು ಹೆಸರಾಗಿರುವುದು ಈ ಬಗೆಯ ಲಿಂಬ್‌ಗಳಿಗೇ.

ಈ ಆಕಾರದ ನಿಜವಾದ ಪ್ರಯೋಜನ ಕಾಣುವುದು ಬಾಣದ ವೇಗಕ್ಕಿಂತ ಹೆಚ್ಚಾಗಿ ಸೆಳೆತದ ಕೊನೆಯ ಎರಡು ಇಂಚುಗಳಲ್ಲಿ. ಹೆದೆ ಏರಿಸಿದ ಬಿಲ್ಲಿನಲ್ಲಿ ಹೆದೆಯು ತುದಿಯ ಬಾಗಿಗೆ ಒರಗಿಕೊಂಡಿರುವುದರಿಂದ ಲಿಂಬ್ ತನ್ನ ಅಳತೆಗಿಂತ ಗಿಡ್ಡದಾಗಿರುವಂತೆ ವರ್ತಿಸಿ ಆರಂಭದಲ್ಲೇ ಬಿಗಿಯಾಗುತ್ತದೆ. ಸೆಳೆದಂತೆಲ್ಲ ಹೆದೆ ಆ ಬಾಗಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ, ಲಿಂಬ್ ಉದ್ದನೆಯ ಸನ್ನೆಕೋಲಾಗುತ್ತದೆ, ಭಾರದ ಏರಿಕೆ ನಿಧಾನಿಸುತ್ತದೆ. ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಅಳೆದಾಗ ಸಾಮಾನ್ಯ ಜೋಡಿ 28ರಿಂದ 29 ಇಂಚಿಗೆ ಹೋಗುವಷ್ಟರಲ್ಲಿ ಎರಡು ಪೌಂಡಿಗಿಂತ ಹೆಚ್ಚು ಏರಿತು. ಆಳವಾದ ಬಾಗಿನದು ಒಂದೂವರೆಯನ್ನೂ ಮುಟ್ಟಲಿಲ್ಲ. ಸಂಖ್ಯೆಯಲ್ಲಿ ಅಲ್ಪವೆನಿಸುವ ಈ ಅಂತರ, ಬಾಣದ ಮೊನೆ ಕ್ಲಿಕರ್‌ನ (ಸೆಳೆತ ಪೂರ್ತಿಯಾದಾಗ ‘ಕ್ಲಿಕ್’ ಎನ್ನುವ ಪಟ್ಟಿಯ) ಅಡಿಯಲ್ಲಿ ಕೊನೆಯ ಕೆಲವು ಮಿಲಿಮೀಟರ್ ಜರುಗುವಾಗ ಬೆನ್ನಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ದಣಿದ ಹೊತ್ತಿನಲ್ಲೂ ಭುಜ ಮೇಲೇಳದೆ ಬಾಣ ಹೊರಡುತ್ತದೆ. ನಾನು ಇದನ್ನು ಮೆಚ್ಚಿಕೊಂಡಿರುವುದು ಮುಖ್ಯವಾಗಿ ಅದಕ್ಕೇ.

ಕೊನೆಯ ಭಾರ ಒಂದೇ ಆದರೂ ಆರಂಭದ ಬಿಗಿಯಿಂದಾಗಿ ಸಂಗ್ರಹವಾಗುವ ಶಕ್ತಿ ಹೆಚ್ಚು. ಬಾಣ ವೇಗವಾಗಿ ಹೋಗುವುದರಿಂದ 70 ಮೀಟರ್‌ಗೆ ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಮೇಲಕ್ಕೆ ಸರಿಸಬೇಕಾಯಿತು. ಹಳೆಯ ಬಾಣಗಳು ಈ ಶಕ್ತಿಗೆ ಮೆತ್ತಗಾಗಿ, ಬಲಗೈಯವನಾದ ನನಗೆ ಪರೀಕ್ಷೆಗೆಂದು ಬಿಡುವ ಗರಿಯಿಲ್ಲದ ಬಾಣ ಬಲಕ್ಕೆ ಬೀಳತೊಡಗಿತು. ಇನ್ನಷ್ಟು ಗಡುಸಾದ ಬಾಣಗಳ ಖರ್ಚನ್ನೂ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು.

ಕೊರತೆಯೂ ಇದೆ. ಬಾಗು ಆಳವಾದಷ್ಟೂ ತುದಿ ತಿರುಚಿಕೊಳ್ಳುವ ಸಂಭವ ಹೆಚ್ಚು. ಕಾರ್ಬನ್ ಎಳೆಗಳನ್ನು 45 ಡಿಗ್ರಿ ಓರೆಯಾಗಿ ಹೊದಿಸಿ ಇದನ್ನು ಬಹುಮಟ್ಟಿಗೆ ತಡೆಯುತ್ತಾರಾದರೂ, ಬೆರಳು ಹೆದೆಯನ್ನು ಪಕ್ಕಕ್ಕೆಳೆದು ಬಿಟ್ಟರೆ ಬಾಣಗಳು ಎಡಬಲಕ್ಕೆ ಹರಡುವುದು ಇದರಲ್ಲೇ ಜಾಸ್ತಿ. ಹೆದೆ ಲಿಂಬಿನ ನಡುವೆಯೇ ಕೂತಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಸ್ಟ್ರಿಂಗರ್ (ಹೆದೆ ಏರಿಸಲು ಬಳಸುವ ಹಗ್ಗ) ಇಲ್ಲದೆ ಹೆದೆ ಏರಿಸಲೇಬಾರದು. ಹೆದೆ ಬಾಗಿಗೆ ಬಡಿಯುವ ಸದ್ದು ಬ್ರೇಸ್ ಹೈಟ್ (ಹಿಡಿಕೆಗೂ ಹೆದೆಗೂ ನಡುವಿನ ಅಂತರ) ಹೊಂದಿಸಿದ ಮೇಲೂ ಪೂರ್ತಿ ಅಡಗಲಿಲ್ಲ.

ಸೆಳೆತ 29 ಇಂಚು ದಾಟುವ, ಬಿಡುಗಡೆ ಹದಕ್ಕೆ ಬಂದಿರುವ ಬಿಲ್ಲುಗಾರರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. 26 ಇಂಚಿನಷ್ಟೇ ಸೆಳೆಯುವವರಿಗೆ 70 ಇಂಚಿನ ಬಿಲ್ಲಿನಲ್ಲಿ ಸಾಮಾನ್ಯ ಲಿಂಬ್ ಕೂಡ ಸೆಳೆತದ ಕೊನೆಯಲ್ಲಿ ಬಿಗಿಯುವುದಿಲ್ಲವಾದ್ದರಿಂದ, 66 ಇಂಚಿನ ಬಿಲ್ಲಿಗೆ ಸಾಮಾನ್ಯ ಜೋಡಿಯನ್ನು ಹಾಕಿಸಿಕೊಳ್ಳುವುದೇ ಅವರಿಗೆ ಲಾಭ.