ಮೂಡಿಗೆರೆ ಮಳೆಯಲ್ಲಿ ಏಳು ವರ್ಷ: ಪ್ಲೈವುಡ್, ಎಚ್‌ಡಿಎಚ್‌ಎಂಆರ್, ಪಾರ್ಟಿಕಲ್ ಬೋರ್ಡ್

ನಮ್ಮ ಮನೆ ಕೆಲಸ ಮುಗಿದದ್ದು 2018ರ ಏಪ್ರಿಲ್‌ನಲ್ಲಿ. ಆ ವರ್ಷದ ಆಗಸ್ಟ್ ಮಳೆಯನ್ನು ಮಲೆನಾಡಿನವರು ಯಾರೂ ಮರೆತಿಲ್ಲ, ಅಲ್ವಾ? ಹೊಸ ಅಡುಗೆಮನೆಗೆ ಅದೇ ಮೊದಲ ಪರೀಕ್ಷೆ. ಈಗ ಏಳು ಮಳೆಗಾಲ ದಾಟಿದೆ. ಕಪಾಟು, ಬೀರುಗಳಿಗೆ ಯಾವ ಹಲಗೆ ಹಾಕಿಸಬೇಕು ಅಂತ ಬೆಂಗಳೂರಿನ ಫ್ಲ್ಯಾಟ್ ನೋಡಿ ಹೇಳುವ ಸಲಹೆ ನಮ್ಮ ಥಂಡಿಗೆ ಸಾಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಡುಗೆಮನೆ ಕಪಾಟಿನ ಬಾಕ್ಸ್‌ಗಳಿಗೆ ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ಅಂಟು ಬಿಡದ) ಪ್ಲೈವುಡ್ ಹಾಕಿಸಿದ್ದೆ, ಬಾಗಿಲುಗಳಿಗೆ 18 ಎಂಎಂ ಎಚ್‌ಡಿಎಚ್‌ಎಂಆರ್, ಅಂದರೆ ತೇವ ತಡೆಯುವ ದಟ್ಟ ನಾರಿನ ಹಲಗೆ. ದುಡ್ಡು ಮುಗಿಯುತ್ತಾ ಬಂದಿದ್ದರಿಂದ ಮಲಗುವ ಕೋಣೆಗೆ ಮಾತ್ರ ಮರದ ಹುಡಿಯನ್ನು ಅಂಟು ಸೇರಿಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್‌ನ ರೆಡಿಮೇಡ್ ಬೀರು ತಂದೆ.

ಮೊದಲು ಕೆಟ್ಟದ್ದು ಆ ಬೀರು. ಅದನ್ನು ಪಡುವಣ ಗೋಡೆಗೆ ಒತ್ತಿ ಇಟ್ಟಿದ್ದೆವು, ಜಡಿಮಳೆ ಹೊಡೆಯುವುದೂ ಅದೇ ಗೋಡೆಗೆ. ಎರಡನೇ ಮಳೆಗಾಲಕ್ಕೆ ಹಿಂದಿನ ಹಲಗೆಯೆಲ್ಲ ಬೂಷ್ಟು, ಕೆಳಗಿನ ಅಂಚು ನೀರಲ್ಲಿ ನೆನೆದ ರಸ್ಕಿನ ಹಾಗೆ ಉಬ್ಬಿತು. ಹಿಂಜ್‌ನ ಸ್ಕ್ರೂ ಸಡಿಲವಾದಾಗ ಬಿಗಿ ಮಾಡಲು ಹೋದರೆ ಬರೀ ಹುಡಿ ಉದುರುತ್ತಿತ್ತು. ಒಮ್ಮೆ ಉಬ್ಬಿದ ಬೋರ್ಡ್ ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಮಾರಿದ ಅಂಗಡಿಯವರು ಫೋನ್ ಎತ್ತಲಿಲ್ಲ. ನಮ್ಮ ಕಡೆ ಹೊರಗೋಡೆ ಪಕ್ಕಕ್ಕೆ ಪಾರ್ಟಿಕಲ್ ಬೋರ್ಡ್ ದಯವಿಟ್ಟು ಬೇಡ.

ಪ್ಲೈವುಡ್ ಬಾಕ್ಸ್‌ಗಳು ಇವತ್ತಿಗೂ ಗಟ್ಟಿ. ಸಿಂಕ್ ಪೈಪ್ ಒಮ್ಮೆ ಸೋರಿ ನಾಲ್ಕು ದಿನ ನೀರು ನಿಂತಿತ್ತು, ಮೇಲೆ ಅಂಟಿಸಿದ ತೆಳು ಲ್ಯಾಮಿನೇಟ್ ಒಂದು ಮೂಲೆಯಲ್ಲಿ ಎದ್ದಿತು, ಪ್ಲೈವುಡ್‌ನ ಪದರ ಮಾತ್ರ ಬಿಡಲಿಲ್ಲ. ಪ್ಲೈವುಡ್ ಹಾಳೆಯ ಮೇಲೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್‌ಗೆ ಇರುವ ಭಾರತೀಯ ಮಾನಕ) ಗುರುತು ನೋಡಿಯೇ ತೆಗೆದುಕೊಂಡಿದ್ದೆ. ಆ ದರ್ಜೆಯ ಅಂಟನ್ನು 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷಿಸುತ್ತಾರೆ.

ಎಚ್‌ಡಿಎಚ್‌ಎಂಆರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮರದ ಚೂರುಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ನಾರು ಬಿಡಿಸಿ, ಅಂಟು ಸೇರಿಸಿ ಬಿಸಿಯಲ್ಲಿ ಒತ್ತಿದ ಹಲಗೆ ಇದು. ತುಂಬಾ ಭಾರ. ಹಾಗಾಗಿ ಎತ್ತರದ ಬಾಗಿಲಿಗೆ ಎರಡು ಹಿಂಜ್ ಸಾಲದು, ನಾಲ್ಕು ಹಾಕಿಸಿ. ಹನ್ನೊಂದು ಬಾಗಿಲಲ್ಲಿ ಹತ್ತು ಒಂಚೂರೂ ಸೊಟ್ಟಗಾಗಿಲ್ಲ. ಹಾಳಾದ ಒಂದು ಸಿಂಕ್ ಕೆಳಗಿನದು. ಬಿಚ್ಚಿ ನೋಡಿದರೆ ಕೆಳ ಅಂಚಿಗೆ ಅಂಚು ಮುಚ್ಚುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡೇ ಹಚ್ಚಿರಲಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಂತ ಹಾಗೇ ಬಿಟ್ಟಿದ್ದರು. ಹಿಂಜ್ ಕೂರಿಸುವ 35 ಎಂಎಂ ಗುಂಡಿಯೂ ಹಸಿ ಹಸಿಯಾಗಿತ್ತು. ನೀರು ಒಳಗೆ ಹೋಗುವುದು ಅಂಚಿನಿಂದ ಮತ್ತು ತೂತಿನಿಂದ, ಹಲಗೆಯ ಮುಖದಿಂದಲ್ಲ. ಬಡಗಿಗಳು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನಾಲ್ಕೂ ಅಂಚು ಮುಚ್ಚಿಸಿ, ಗುಂಡಿಗಳಿಗೆ ವಾರ್ನಿಶ್ ಹಚ್ಚಿಸಿ.

ವಾಸನೆ ವಿಷಯ. ಮೊದಲ ಮಳೆಗಾಲದಲ್ಲಿ ಕಿಟಕಿ ಮುಚ್ಚಿದಾಗ ಕೋಣೆಯಲ್ಲಿ ಕಣ್ಣು ಉರಿಯುತ್ತಿತ್ತು. ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಅನ್ನುವ ಕಣ್ಣು ಉರಿಸುವ ಅನಿಲ ತೇವ, ಸೆಕೆ ಎರಡರಲ್ಲೂ ಜಾಸ್ತಿ ಹೊರಬರುತ್ತದೆ. ಮಕ್ಕಳಿರುವ ಮನೆಗೆ ಇ1 ಅಥವಾ ಇ0 (ಈ ಅನಿಲ ಕಡಿಮೆ ಬಿಡುವ ದರ್ಜೆ) ಅಂತ ಬರೆದ ಹಲಗೆಯನ್ನೇ ಕೇಳಿ, ಕೆಲಸ ಬೇಸಿಗೆಯಲ್ಲಿ ಮುಗಿಸಿ ಒಂದು ತಿಂಗಳು ಕಿಟಕಿ ತೆಗೆದಿಡಿ.

ಇಷ್ಟೆಲ್ಲ ಕಷ್ಟ ಯಾಕೆ, ಮರದಲ್ಲೇ ಮಾಡಿಸಬಹುದಿತ್ತಲ್ಲ ಅಂತ ಅಮ್ಮ ಕೇಳುತ್ತಿದ್ದರು. ಅಜ್ಜನ ಕಾಲದ ಹಲಸಿನ ಬೀರು ನಮ್ಮ ಮನೆಯಲ್ಲಿ ಇನ್ನೂ ಇದೆ, ಅದಕ್ಕೆ ಯಾವ ಬೋರ್ಡೂ ಸಮವಲ್ಲ. ಆದರೆ ಅಂಥ ಒಂದು ಹಲಸು ಬೆಳೆಯಲು ಎರಡು ತಲೆಮಾರು ಬೇಕು. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯ ತೊಂದರೆಯೂ ಇಲ್ಲ. ಅದು ಪ್ಲೈವುಡ್ ಫ್ಯಾಕ್ಟರಿಗೆ ಹೋಗುತ್ತದೆ. ಕಡಿದ ಜಾಗದಲ್ಲಿ ಮತ್ತೆ ಸಸಿ ನೆಡುತ್ತೇವೆ. ಹಲಸು, ನಂದಿ, ಮತ್ತಿ ಮರಗಳು ಕಾಫಿಗೆ ನೆರಳಾಗಿ ಹಾಗೇ ನಿಲ್ಲಲಿ ಅನ್ನುವುದು ನನ್ನ ಆಸೆ.

ಹೊಸ ಬೀರು ಪ್ಲೈವುಡ್‌ನಲ್ಲೇ ಮಾಡಿಸಿದ್ದೇನೆ. ಈ ಸಲ ಗೋಡೆಯಿಂದ ಎರಡು ಇಂಚು, ನೆಲದಿಂದ ನಾಲ್ಕು ಇಂಚು ಬಿಟ್ಟಿದ್ದೇವೆ. ಮೂರು ಮಳೆಗಾಲ ಆಯಿತು, ಹಿಂದೆ ಟಾರ್ಚ್ ಹಾಕಿ ನೋಡಿದರೆ ಒಂದು ಚುಕ್ಕೆ ಬೂಷ್ಟೂ ಇಲ್ಲ.